ಬಿಳಿಯರ ಜೊತೆ ಆಡಲು ಬಿಡದಿದ್ದರೆ 235 ಪಂದ್ಯ ಗೆದ್ದಿದ್ದು ಯಾರ ಮೇಲೆ?

ಓದುಗರ ಪ್ರಶ್ನೆ: ಅಮೆರಿಕದ ಫುಟ್‌ಬಾಲ್ ಆಟಗಾರ ಬಬ್ಬಾ ಸ್ಮಿತ್ ಅವರ ತಂದೆ ಹೈಸ್ಕೂಲ್ ಕೋಚ್ ಆಗಿ 235 ಪಂದ್ಯ ಗೆದ್ದವರಂತೆ. ಅದು ವರ್ಣಭೇದದ ಕಾಲ. ಕಪ್ಪು ಮಕ್ಕಳ ಶಾಲೆಗಳು ಬಿಳಿಯರ ಶಾಲೆಗಳ ಜೊತೆ ಆಡುವ ಹಾಗೇ ಇರಲಿಲ್ಲ ಅಲ್ವಾ? ಹಾಗಾದರೆ ಗೆದ್ದಿದ್ದು ಯಾರ ಮೇಲೆ?

ಉತ್ತರ: ಹೆಚ್ಚಿನದೆಲ್ಲ ತಮ್ಮಂಥದೇ ಶಾಲೆಗಳ ಮೇಲೆ. ಹಾಗಂತ ಎದುರಾಳಿಗಳು ಸಾಮಾನ್ಯದವರು ಅಂದುಕೊಳ್ಳಬೇಡಿ.

ಇಲ್ಲಿ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದೆಯುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ನುಗ್ಗುವ ಅಮೆರಿಕನ್ ಆಟ. ಬಬ್ಬಾ ಅವರ ತಂದೆ ಕೋಚ್ ಆಗಿದ್ದ ಟೆಕ್ಸಸ್ ರಾಜ್ಯದಲ್ಲಿ ಹೈಸ್ಕೂಲ್ ಪಂದ್ಯ ಅಂದರೆ ಊರಿಗೆ ಊರೇ ಜಾತ್ರೆ. ಆದರೆ ಅಲ್ಲಿನ ದೊಡ್ಡ ಶಾಲಾ ಲೀಗ್‌ನ ಬಾಗಿಲು ಕಪ್ಪು ಜನರ ಶಾಲೆಗಳಿಗೆ ಮುಚ್ಚಿತ್ತು. ಅವರಿಗಾಗಿ 1920ರಲ್ಲಿ ಬೇರೆಯೇ ಲೀಗ್ ಶುರುವಾಯಿತು. ಮುಂದೆ ಅದಕ್ಕೆ ಪ್ರೇರಿ ವ್ಯೂ ಇಂಟರ್‌ಸ್ಕೊಲಾಸ್ಟಿಕ್ ಲೀಗ್ ಅನ್ನುವ ಹೆಸರು ನಿಂತಿತು. ಪ್ರೇರಿ ವ್ಯೂ ಅನ್ನುವುದು ಕಪ್ಪು ವಿದ್ಯಾರ್ಥಿಗಳ ಕಾಲೇಜು. ಲೀಗ್‌ನ ಕಾರುಬಾರೆಲ್ಲ ಅಲ್ಲಿಂದಲೇ.

ಬಬ್ಬಾ ಅವರ ತಂದೆ ವಿಲ್ಲಿ ರೇ ಸ್ಮಿತ್ ಸೀನಿಯರ್ ಪಳಗಿದ್ದು ಈ ಲೀಗ್‌ನಲ್ಲಿ. ಮೊದಲು ಆರೆಂಜ್ ಎಂಬ ಊರಿನ ವ್ಯಾಲೇಸ್ ಹೈಸ್ಕೂಲ್, ಆಮೇಲೆ ಬ್ಯೂಮಾಂಟ್‌ನ ಚಾರ್ಲ್ಟನ್-ಪೊಲಾರ್ಡ್. ಎರಡೂ ಟೆಕ್ಸಸ್‌ನ ಆಗ್ನೇಯ ಮೂಲೆಯ ಎಣ್ಣೆ ಸೀಮೆ.

ಶುಕ್ರವಾರ ರಾತ್ರಿ ಸ್ಟೇಡಿಯಂ ಬಿಳಿಯರ ಶಾಲೆಗಳಿಗೆ ಮೀಸಲು. ಹಾಗಾಗಿ ಕಪ್ಪು ಶಾಲೆಗಳ ಪಂದ್ಯ ಬುಧವಾರವೋ ಗುರುವಾರವೋ ನಡೆಯುತ್ತಿತ್ತು. ಎಷ್ಟೋ ಕಡೆ ಹೆಲ್ಮೆಟ್, ಪ್ಯಾಡು ಎಲ್ಲ ಬಿಳಿಯರ ಶಾಲೆಯವರು ಬಳಸಿ ಬಿಟ್ಟಿದ್ದು. ಆದರೆ ಜನ ಬರುತ್ತಿದ್ದ ಪರಿ ನೋಡಿ: ಹ್ಯೂಸ್ಟನ್‌ನಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಯೇಟ್ಸ್ ಮತ್ತು ವೀಟ್ಲಿ ಶಾಲೆಗಳು ಎದುರಾದರೆ 30,000ಕ್ಕೂ ಜಾಸ್ತಿ ಜನ ಸೇರಿದ್ದುಂಟು. ಹೈಸ್ಕೂಲ್ ಹುಡುಗರ ಆಟಕ್ಕೆ!

ಸ್ಮಿತ್ ಅವರಿಗೆ ಎದುರಾಳಿ ಹುಡುಕಲು ದೂರ ಹೋಗಬೇಕಿರಲಿಲ್ಲ. ಅದೇ ಬ್ಯೂಮಾಂಟ್‌ನಲ್ಲಿ ಹೀಬರ್ಟ್ ಅನ್ನುವ ಇನ್ನೊಂದು ಕಪ್ಪು ಶಾಲೆ ಇತ್ತು. ಅದರ ಕೋಚ್ ಕ್ಲಿಫ್ಟನ್ ಓಜೆನ್. ಈ ಎರಡು ಶಾಲೆಗಳ ಪಂದ್ಯಕ್ಕೆ ‘ಸೋಲ್ ಬೌಲ್’ (ಸೋಲು ಅಲ್ಲ, ಇಂಗ್ಲಿಷಿನ Soul) ಅಂತಲೇ ಹೆಸರು. ಓಜೆನ್ ಗರಡಿಯಿಂದ ಬಂದವರಲ್ಲಿ ಜೆರ್ರಿ ಲೆವಿಯಾಸ್ ಒಬ್ಬರು. ಟೆಕ್ಸಸ್ ಸುತ್ತಮುತ್ತಲಿನ ದೊಡ್ಡ ಕಾಲೇಜುಗಳ ಲೀಗ್ ಆಗಿದ್ದ ಸೌತ್‌ವೆಸ್ಟ್ ಕಾನ್ಫರೆನ್ಸ್‌ನ ಕಾಲೇಜೊಂದರಿಂದ ಫುಟ್‌ಬಾಲ್ ಸ್ಕಾಲರ್‌ಶಿಪ್ ಪಡೆದ ಮೊದಲ ಕಪ್ಪು ಆಟಗಾರ, 1965ರಲ್ಲಿ. ಇಂಥವರನ್ನು ತಯಾರು ಮಾಡುತ್ತಿದ್ದ ಶಾಲೆ ಪಕ್ಕದ ಕೇರಿಯಲ್ಲೇ ಇದ್ದರೆ ಗೆಲುವು ಸುಮ್ನೆ ಸಿಗುವುದಿಲ್ಲ.

ಇನ್ನು ಸ್ಮಿತ್ ಅವರ ಮನೆಯ ಕಥೆ. ಮಗ ಬಬ್ಬಾ ಆರು ಅಡಿ ಏಳು ಇಂಚು ಎತ್ತರದ ಆಳು. (80ರ ದಶಕದ ಹಾಲಿವುಡ್ ಹಾಸ್ಯ ಚಿತ್ರಗಳಲ್ಲಿ ದೈತ್ಯ ಪೊಲೀಸ್ ಆಗಿದ್ದವರು ಇವರೇ.) ಅಪ್ಪನ ಕೈಕೆಳಗೇ ಆಡಿ ಬೆಳೆದರು. ಆದರೆ ಹೈಸ್ಕೂಲ್ ಮುಗಿದ ಹೊತ್ತಿಗೆ ತಮ್ಮದೇ ರಾಜ್ಯದ ಟೆಕ್ಸಸ್ ವಿಶ್ವವಿದ್ಯಾಲಯದ ತಂಡದಲ್ಲಿ ಕಪ್ಪು ಹುಡುಗರಿಗೆ ಜಾಗ ಇರಲಿಲ್ಲ. ಬಬ್ಬಾ ದೂರದ ಮಿಚಿಗನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿನ ಕೋಚ್ ಡಫಿ ಡಾಗರ್ಟಿ ದಕ್ಷಿಣದ ಕಪ್ಪು ಆಟಗಾರರನ್ನು ಕರೆಸಿಕೊಳ್ಳುತ್ತಿದ್ದರು. 1967ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವಾಗ ಇಡೀ ದೇಶದಲ್ಲಿ ಮೊದಲು ಕೂಗಿದ ಹೆಸರು ಬಬ್ಬಾ ಸ್ಮಿತ್. ಆರಿಸಿಕೊಂಡಿದ್ದು ಬಾಲ್ಟಿಮೋರ್ ಕೋಲ್ಟ್ಸ್. ಬಬ್ಬಾ ಅವರ ತಮ್ಮ ಟೋಡಿ ಕೂಡ 1971ರಲ್ಲಿ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ನನ್ನನ್ನು ಕೇಳಿದರೆ, ಎದುರಾಳಿಗಳು ಎಷ್ಟರವರು ಅನ್ನುವ ಅನುಮಾನಕ್ಕೆ ಈ ಹುಡುಗರೇ ಉತ್ತರ. ಅಲ್ಲಿ ಆಡಿ ಬಂದವರು ದೇಶದಲ್ಲಿ ಯಾರ ಎದುರಿಗೂ ನಿಲ್ಲುತ್ತಿದ್ದರು.

ಹಾಗಾದರೆ ಬಿಳಿಯರ ಲೀಗ್ ಬಾಗಿಲು ತೆರೆದಾಗ ಎಲ್ಲ ಸರಿಹೋಯಿತಾ? ಆಟಗಾರರಿಗೆ ಒಂದಷ್ಟು ಸರಿಹೋಯಿತು. ಕೋಚ್‌ಗಳ ಕಥೆ ಬೇರೆ. 1967ರಿಂದ ಕಪ್ಪು ಶಾಲೆಗಳು ದೊಡ್ಡ ಲೀಗ್‌ಗೆ ಸೇರುತ್ತಾ ಹೋದವು, 1970ಕ್ಕೆ ಪ್ರೇರಿ ವ್ಯೂ ಲೀಗ್ ಮುಚ್ಚಿತು. ಎರಡು ಶಾಲೆ ಸೇರಿಸಿ ಒಂದು ಮಾಡುವಾಗ ಮುಖ್ಯ ಕೋಚ್ ಕುರ್ಚಿ ಒಂದೇ. ಹೆಚ್ಚಿನ ಕಡೆ ಅದು ಬಿಳಿಯರ ಪಾಲಾಯಿತು. ವರ್ಷಗಟ್ಟಲೆ ತಂಡ ಕಟ್ಟಿದವರು ಸಹಾಯಕ ಕೋಚ್ ಆದರು. ಕೆಲವರು ಆಟವನ್ನೇ ಬಿಟ್ಟು ಬರೀ ಪಾಠ ಮಾಡಿಕೊಂಡಿದ್ದರು. ಅವರ ಗೆಲುವುಗಳನ್ನು ಟೆಕ್ಸಸ್‌ನ ದೊಡ್ಡ ಲೀಗ್ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿದ್ದು ಎಷ್ಟೋ ವರ್ಷಗಳ ನಂತರ.

ಹೀಬರ್ಟ್ ಶಾಲೆ ಈಗ ಇಲ್ಲ. ಚಾರ್ಲ್ಟನ್-ಪೊಲಾರ್ಡ್ ಕೂಡ ಬೇರೆ ಶಾಲೆಗಳ ಜೊತೆ ಸೇರಿ ಕರಗಿಹೋಯಿತು. ಆಗ್ನೇಯ ಟೆಕ್ಸಸ್‌ನಲ್ಲಿ ಪ್ರತಿ ವರ್ಷ ಅತ್ಯುತ್ತಮ ಹೈಸ್ಕೂಲ್ ಫುಟ್‌ಬಾಲ್ ಆಟಗಾರರಿಗೆ ಒಂದು ಪ್ರಶಸ್ತಿ ಕೊಡುತ್ತಾರೆ, ಹುಡುಗ ಯಾವ ಶಾಲೆಯವನಾದರೂ ಸರಿ. ಅದರ ಹೆಸರು ವಿಲ್ಲಿ ರೇ ಸ್ಮಿತ್ ಪ್ರಶಸ್ತಿ.