ಕುಡಿತ ರಕ್ತದಲ್ಲೇ ಬರುತ್ತದೆಯೇ? ಹಣ್ಣಿನ ನೊಣದಿಂದ ತಿಳಿದದ್ದು

ಪ್ರಶ್ನೆ: ನಮ್ಮ ಮುತ್ಯಾ ಸೇಂದಿ ಕುಡಿಯುತ್ತಿದ್ದರು, ಅಪ್ಪ ಕುಡಿತದಿಂದಲೇ ತೀರಿಕೊಂಡರು, ಈಗ ಅಣ್ಣನೂ ಅದೇ ಹಾದಿ ಹಿಡಿದಿದ್ದಾನೆ. ಆರು ತಿಂಗಳು ಬಿಟ್ಟಿದ್ದವನು ಮತ್ತೆ ಶುರು ಮಾಡಿದ್ದಾನೆ. ‘ನಿಮ್ಮ ಮನೆತನದ ರಕ್ತದಾಗೇ ಅದ’ ಎಂದು ಊರವರು ಆಡಿಕೊಳ್ಳುತ್ತಾರೆ. ವಿಜ್ಞಾನಿಗಳು ನೊಣಕ್ಕೆ ಮದ್ಯ ಕೊಟ್ಟು ಚಟವನ್ನು ಅಭ್ಯಾಸ ಮಾಡುತ್ತಾರಂತೆ. ನೊಣದಿಂದ ಮನುಷ್ಯನ ವಿಷಯ ತಿಳಿಯುವುದು ಸಾಧ್ಯವೇ?
(ಆಳಂದ ತಾಲ್ಲೂಕಿನ ಓದುಗರು)

ಉತ್ತರ: ಕಲಬುರಗಿಯಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದ ವರ್ಷಗಳಲ್ಲಿ ಈ ಪ್ರಶ್ನೆಯನ್ನು ನಾನು ಹಲವು ವಿದ್ಯಾರ್ಥಿಗಳಿಂದ, ತರಗತಿ ಮುಗಿದು ಉಳಿದವರೆಲ್ಲ ಹೊರಟ ಮೇಲೆ, ತಗ್ಗಿದ ದನಿಯಲ್ಲಿ ಕೇಳಿದ್ದೇನೆ. ಕೇಳುವವರಿಗೆ ನೊಣಕ್ಕಿಂತ ಮನೆಯ ಚಿಂತೆಯೇ ದೊಡ್ಡದಾಗಿರುತ್ತದೆ. ಆದ್ದರಿಂದ ಮೊದಲು ಆ ಚಿಂತೆಗೆ ಉತ್ತರಿಸುತ್ತೇನೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಕುಡಿತದ ಚಟಕ್ಕೆ ಬೀಳುವ ಸಾಧ್ಯತೆ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುವುದಕ್ಕೆ ಸುಮಾರು ಅರ್ಧದಷ್ಟು ಕಾರಣ ಅನುವಂಶೀಯತೆ; ಉಳಿದರ್ಧ ಬದುಕಿನ ಸಂದರ್ಭಗಳಿಗೆ ಸೇರಿದ್ದು. ಅಪ್ಪನಿಂದ ಮಗನಿಗೆ ಬರುವುದು ಕುಡಿತವಲ್ಲ, ಮದ್ಯ ಒಳಗೆ ಹೋದಾಗ ದೇಹ ಮತ್ತು ಮಿದುಳು ಹೇಗೆ ವರ್ತಿಸುತ್ತವೆ ಎಂಬ ಒಲವು ಮಾತ್ರ; ಅದನ್ನೂ ಒಂದು ಜೀನ್ (ವಂಶವಾಹಿ) ನಿರ್ಧರಿಸುವುದಿಲ್ಲ, ಒಂದೊಂದೂ ಅಲ್ಪ ಪ್ರಭಾವದ ಅನೇಕ ಜೀನ್‌ಗಳು ಸೇರಿ ರೂಪಿಸುತ್ತವೆ. ಆ ಜೀನ್‌ಗಳು ಮಿದುಳಿನಲ್ಲಿ ಏನು ಕೆಲಸ ಮಾಡುತ್ತವೆ ಎಂಬುದನ್ನು ಅರಿಯಲು ನೊಣ ಬೇಕಾಯಿತು.

ಇಲ್ಲಿ ಹೇಳುತ್ತಿರುವುದು ಮನೆನೊಣದ ಮಾತಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಹಣ್ಣಿನ ಗಾಡಿಯಲ್ಲಿ ತೀರ ಕಳಿತ ಬಾಳೆಹಣ್ಣಿನ ಮೇಲೆ, ಸೇಂದಿ ಗಡಿಗೆಯ ಬಾಯಿಯ ಸುತ್ತ ಗುಂಪಾಗಿ ಸುಳಿದಾಡುವ, ಹೆಚ್ಚೆಂದರೆ 3 ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ ನೊಣವದು. ಶಾಸ್ತ್ರದ ಹೆಸರು ಡ್ರಾಸೊಫಿಲಾ ಮೆಲನೊಗ್ಯಾಸ್ಟರ್. ಅದು ಮೊಟ್ಟೆ ಇಡುವುದು ಕೊಳೆತ ಹಣ್ಣಿನಲ್ಲಿ, ಯೀಸ್ಟ್ ಸಕ್ಕರೆಯನ್ನು ಮದ್ಯವಾಗಿಸುತ್ತಿರುವ ಜಾಗದಲ್ಲಿ. ಆದ್ದರಿಂದ ಮದ್ಯಸಾರ ಅದಕ್ಕೆ ಪ್ರಯೋಗಾಲಯದಲ್ಲಿ ಹೊಸದಾಗಿ ಪರಿಚಯವಾಗುವ ವಸ್ತುವಲ್ಲ; ಅದನ್ನು ಅರಗಿಸುವ ಕಿಣ್ವವೂ ಅದರ ದೇಹದಲ್ಲಿದೆ.

ನಮ್ಮ ಪ್ರಯೋಗಾಲಯದಲ್ಲಿ ರವೆ, ಬೆಲ್ಲ, ಅಗರ್ ಕುದಿಸಿ, ಗಾಜಿನ ಬಾಟಲಿಗೆ ಸುರಿದು, ಆರಿದ ಮೇಲೆ ಯೀಸ್ಟ್ ಹಾಕಿ, ಬಾಯಿಗೆ ಹತ್ತಿ ತುರುಕಿ ಇವನ್ನು ಸಾಕುತ್ತಿದ್ದೆವು. 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಮೊಟ್ಟೆ ಹತ್ತು ದಿನಗಳಲ್ಲಿ ರೆಕ್ಕೆಯ ನೊಣವಾಗುತ್ತದೆ. ಆದರೆ ನಮ್ಮ ಏಪ್ರಿಲ್ ತಿಂಗಳು 25 ಡಿಗ್ರಿಯ ಮಾತನ್ನು ಕೇಳುವುದಿಲ್ಲ. 30 ದಾಟಿದರೆ ಗಂಡುನೊಣಗಳು ಬಂಜೆಯಾಗುತ್ತವೆ. ಆಗ ಬಾಟಲಿಗಳನ್ನು ಮಣ್ಣಿನ ಗಡಿಗೆಯೊಳಗಿಟ್ಟು, ಸುತ್ತ ಗೋಣಿತಟ್ಟು ಹೊದಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ ತಳಿ ಉಳಿಸಿಕೊಂಡದ್ದುಂಟು.

ಇಷ್ಟು ಸಣ್ಣ ಜೀವಿಯಿಂದ ಮನುಷ್ಯನ ಬಗ್ಗೆ ಕಲಿಯಬಹುದೆಂಬ ನಂಬಿಕೆಗೆ ಗಟ್ಟಿ ಆಧಾರವಿದೆ. 2000ದಲ್ಲಿ ಪ್ರಕಟವಾದ ಅದರ ಜೀನೋಮ್‌ನಲ್ಲಿ, ಅಂದರೆ ಇಡೀ ವಂಶವಾಹಿ ಸಂಪತ್ತಿನಲ್ಲಿ, ಸುಮಾರು 14,000 ಜೀನ್‌ಗಳಿವೆ, ಮತ್ತು ಮನುಷ್ಯನ ಕಾಯಿಲೆಗಳಿಗೆ ಸಂಬಂಧಿಸಿದ ಜೀನ್‌ಗಳಲ್ಲಿ ನೂರಕ್ಕೆ ಎಪ್ಪತ್ತೈದರಷ್ಟಕ್ಕೆ ನೊಣದಲ್ಲಿ ಸಂಬಂಧಿ ಜೀನ್ ಸಿಗುತ್ತದೆ. 1910ರಲ್ಲಿ ಥಾಮಸ್ ಹಂಟ್ ಮಾರ್ಗನ್ ಬಿಳಿಕಣ್ಣಿನ ನೊಣದಿಂದ ಆರಂಭಿಸಿದ, ನೊಣದ ಮೂಲಕ ಜೀನ್‌ಗಳನ್ನು ಅರಿಯುವ ಈ ವಿದ್ಯೆಯನ್ನು 1960ರ ದಶಕದಲ್ಲಿ ಸೀಮೋರ್ ಬೆಂಜರ್ ನಡವಳಿಕೆಯ ಅಧ್ಯಯನಕ್ಕೆ ತಿರುಗಿಸಿದರು. ನಮ್ಮ ದೇಶದಲ್ಲಿ ಆ ಹಾದಿಯನ್ನು ತೆರೆದವರು ವಿಜ್ಞಾನಿ ಒಬೇದ್ ಸಿದ್ದಿಕಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಡ್ರಾಸೊಫಿಲಾ ತಳಿಗಳ ಸಂಗ್ರಹ ಕೇಂದ್ರವೇ ಇದೆ.

ನಿಮ್ಮ ಪ್ರಶ್ನೆಗೆ ಅತಿ ಹತ್ತಿರದ ಕೆಲಸ ಮಾಡಿದವರು ಚಿಲಿ ದೇಶದಲ್ಲಿ ಹುಟ್ಟಿ ಅಮೆರಿಕದಲ್ಲಿ ಸಂಶೋಧನೆ ನಡೆಸಿದ ಉಲ್ರಿಕೆ ಹೆಬರ್ಲೈನ್. ಅವರು ಬಳಸಿದ ಸಾಧನವನ್ನು ಕಣ್ಣ ಮುಂದೆ ತಂದುಕೊಳ್ಳಿ: ಸುಮಾರು ನಾಲ್ಕು ಅಡಿ ಎತ್ತರದ ಗಾಜಿನ ಕೊಳವೆ, ಒಳಗೆ ಮೇಲಿಂದ ಕೆಳಗಿನವರೆಗೆ ಓರೆಯಾಗಿ ಜೋಡಿಸಿದ ಜಾಲರಿಯ ಮೆಟ್ಟಿಲುಗಳು. ಕೊಳವೆಯಲ್ಲಿ ಮದ್ಯದ ಆವಿ ಹರಿಸಿ ಮೇಲಿನಿಂದ ನೊಣಗಳನ್ನು ಬಿಡುತ್ತಾರೆ. ಅವು ಮೊದಲು ಚುರುಕಾಗಿ ಓಡಾಡುತ್ತವೆ, ಆಮೇಲೆ ಕಾಲು ತಪ್ಪಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಉರುಳುತ್ತವೆ, ಕೊನೆಗೆ ತಳಕ್ಕೆ ಬೀಳುತ್ತವೆ. ಮಾಮೂಲಿ ನೊಣಕ್ಕೆ ಇದಕ್ಕೆ ಸರಾಸರಿ 20 ನಿಮಿಷ ಹಿಡಿದರೆ, ಒಂದು ತಳಿ ಸುಮಾರು 15 ನಿಮಿಷಕ್ಕೇ ಬೀಳುತ್ತಿತ್ತು. ಸ್ವಲ್ಪಕ್ಕೇ ಅಮಲೇರುವ ಈ ತಳಿಗೆ ‘ಚೀಪ್‌ಡೇಟ್’ ಎಂದು ಹೆಸರಿಟ್ಟರು.

1998ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಅಂಶವೊಂದಿದೆ. ಚೀಪ್‌ಡೇಟ್ ತಳಿಯಲ್ಲಿ ಕೆಟ್ಟಿದ್ದ ಜೀನ್ ಹೊಸದೇನೂ ಆಗಿರಲಿಲ್ಲ. ಅದು 1979ರಿಂದಲೇ ಪರಿಚಿತವಾಗಿದ್ದ ‘ಅಮ್ನೇಸಿಯಾಕ್’, ಅಂದರೆ ಮರೆಗುಳಿ ಜೀನ್. ಅದು ಕೆಟ್ಟ ನೊಣಗಳು ಪಾಠವನ್ನು ಸರಿಯಾಗಿಯೇ ಕಲಿಯುತ್ತವೆ, ಆದರೆ ಬೇಗ ಮರೆತುಬಿಡುತ್ತವೆ. ಈ ಜೀನ್ ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಸರಣಿಗೆ ಸೇರಿದ್ದು, ಮತ್ತು ಔಷಧ ಕೊಟ್ಟು ಆ ಅಣುವಿನ ಮಟ್ಟವನ್ನು ಏರಿಸಿದಾಗ ಚೀಪ್‌ಡೇಟ್ ನೊಣಗಳು ಮಾಮೂಲಿ ನೊಣಗಳಂತೆ ಮದ್ಯವನ್ನು ತಾಳಿಕೊಂಡವು. ಮನುಷ್ಯನ ನರಕೋಶಗಳಲ್ಲೂ ಇರುವ ಈ ಅಣುವಿನ ಸರಣಿಯೇ ನೆನಪನ್ನು ಉಳಿಸುವ ಕೆಲಸಕ್ಕೂ ಮದ್ಯಕ್ಕೆ ಪ್ರತಿಕ್ರಿಯಿಸುವ ಕೆಲಸಕ್ಕೂ ಬಳಕೆಯಾಗುತ್ತಿದೆ ಎಂದಾಯಿತು.

ಎರಡು ವರ್ಷಗಳ ನಂತರ ಅದೇ ಗುಂಪು, ಒಮ್ಮೆ ಅಮಲೇರಿದ ನೊಣವನ್ನು ಕೆಲವು ಗಂಟೆ ಬಿಟ್ಟು ಮತ್ತೆ ಕೊಳವೆಗೆ ಹಾಕಿದರೆ ಅದು ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ತೋರಿಸಿತು. ಮೈಯಲ್ಲಿನ ಮದ್ಯದ ಪ್ರಮಾಣ ಕಡಿಮೆಯಾದದ್ದು ಇದಕ್ಕೆ ಕಾರಣವಲ್ಲ. ಮಿದುಳೇ ಒಂದೇ ಸಲಕ್ಕೆ ಬದಲಾಗಿರುತ್ತದೆ. ‘ಮೊದಲು ಕ್ವಾರ್ಟರ್ ಸಾಕಾಗುತ್ತಿತ್ತು, ಈಗ ಸಾಲದು’ ಎಂಬ ಮಾತಿನ ಹಿಂದೆ ಇರುವುದು ಇಂಥದೇ ಬದಲಾವಣೆ.

ಅಣ್ಣ ಆರು ತಿಂಗಳು ಬಿಟ್ಟು ಮತ್ತೆ ಶುರು ಮಾಡಿದ್ದನ್ನು ಬರೆದಿದ್ದೀರಿ. ಇದಕ್ಕೆ ಎರಡು ಪ್ರಯೋಗಗಳು ನೇರವಾಗಿ ಸಂಬಂಧಿಸುತ್ತವೆ. 2009ರಲ್ಲಿ ಅನಿತಾ ದೇವಿನೇನಿ ಮತ್ತು ಹೆಬರ್ಲೈನ್, ನೊಣಗಳಿಗೆ ಸಣ್ಣ ಗಾಜಿನ ನಳಿಕೆಗಳಲ್ಲಿ ಮದ್ಯ ಬೆರೆಸಿದ ಮತ್ತು ಬೆರೆಸದ ಆಹಾರವನ್ನು ಅಕ್ಕಪಕ್ಕ ಇಟ್ಟರು. ನೊಣಗಳು ದಿನ ಕಳೆದಂತೆ ಮದ್ಯದ ನಳಿಕೆಗೆ ಹೆಚ್ಚು ಹೆಚ್ಚು ಹೋದವು, ಅದಕ್ಕೆ ಕಹಿ ಕ್ವಿನೈನ್ ಬೆರೆಸಿದಾಗಲೂ ಹೋದವು. ಮತ್ತು ಕೆಲಕಾಲ ಮದ್ಯ ತಪ್ಪಿಸಿ ಮತ್ತೆ ಕೊಟ್ಟಾಗ, ಮೊದಲಿನಿಂದ ಮೆಲ್ಲಗೆ ಏರದೆ ಹಿಂದೆ ಕುಡಿಯುತ್ತಿದ್ದ ಹೆಚ್ಚಿನ ಮಟ್ಟಕ್ಕೆ ಬೇಗನೆ ಮರಳಿದವು. 2011ರಲ್ಲಿ ಕಾರ್ಲಾ ಕೌನ್ ಮತ್ತು ಸಂಗಡಿಗರು ಒಂದು ವಾಸನೆಯನ್ನು ಅಮಲಿನೊಡನೆ ಜೋಡಿಸಿದರು. ಅರ್ಧ ಗಂಟೆಯ ನಂತರ ಪರೀಕ್ಷಿಸಿದರೆ ನೊಣಗಳು ಆ ವಾಸನೆಯಿಂದ ದೂರ ಸರಿದವು. ಆದರೆ ಮರುದಿನ ಅದೇ ವಾಸನೆಯನ್ನು ಹುಡುಕಿಕೊಂಡು ಬಂದವು, ಅದನ್ನು ತಲುಪಲು 120 ವೋಲ್ಟ್ ವಿದ್ಯುತ್ ಆಘಾತವನ್ನೂ ಸಹಿಸಿದವು. ಕಷ್ಟದ ನೆನಪು ಬೇಗ ಅಳಿದು, ಸುಖದ ನೆನಪು ನಿಂತುಬಿಟ್ಟಿತ್ತು. ನೊಣದ ಮಿದುಳಿನಲ್ಲಿ ವಾಸನೆಯ ನೆನಪನ್ನು ಹಿಡಿದಿಡುವ ಅಣಬೆಯಾಕಾರದ ಭಾಗ ಮತ್ತು ಡೋಪಮೈನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಈ ಕೆಲಸಕ್ಕೆ ಬೇಕೆಂಬುದೂ ಸಿದ್ಧವಾಯಿತು. ನಮ್ಮ ಮಿದುಳಿನಲ್ಲೂ ಸುಖದ ಗುರುತನ್ನು ಕಲಿಸುವುದು ಡೋಪಮೈನೇ.

ಇದನ್ನು ತಿಳಿದವರು, ಬೆಳಿಗ್ಗೆ ತಲೆನೋವು, ವಾಂತಿಗಳಿಂದ ನರಳಿ ಇನ್ನೆಂದೂ ಮುಟ್ಟುವುದಿಲ್ಲವೆಂದು ಆಣೆ ಮಾಡಿದವನು ಸಂಜೆ ಅಂಗಡಿಯ ಮುಂದೆ ನಿಂತದ್ದನ್ನು ಕಂಡು ‘ನಾಚಿಕೆಯಿಲ್ಲದವನು’ ಎಂದು ಬಯ್ಯಲು ಹಿಂಜರಿಯಬೇಕೆಂದು ನನಗೆ ಅನಿಸುತ್ತದೆ.

‘ರಕ್ತದಾಗೇ ಅದ’ ಎನ್ನುವವರಿಗೆ 2012ರ ಪ್ರಯೋಗವೊಂದನ್ನು ಹೇಳಬೇಕು. ನಾಲ್ಕು ದಿನ ಹೆಣ್ಣುಗಳಿಂದ ತಿರಸ್ಕೃತವಾದ ಗಂಡುನೊಣಗಳು, ಕೂಡಿದ ಗಂಡುಗಳಿಗಿಂತ ಹೆಚ್ಚು ಮದ್ಯ ಕುಡಿದವು. ಅವುಗಳ ಮಿದುಳಿನಲ್ಲಿ ಎನ್‌ಪಿಎಫ್ ಎಂಬ ರಾಸಾಯನಿಕ ಕುಗ್ಗಿತ್ತು. ಅದರ ನರಕೋಶಗಳನ್ನು ಚುರುಕುಗೊಳಿಸಿದಾಗ ಮದ್ಯದ ಬಯಕೆ ಇಳಿಯಿತು. ಎರಡೂ ಗುಂಪು ಒಂದೇ ತಳಿಯವು, ರಕ್ತ ಒಂದೇ. ಬೇರೆಯಾಗಿದ್ದದ್ದು ಬದುಕಿನಲ್ಲಿ ಕಂಡ ಅನುಭವ.

ನೊಣ ಹೇಳಲಾರದ್ದೂ ಇದೆ. ಸಾಲ, ಸಂಗಡಿಗರ ಒತ್ತಾಯ, ಕೆಲಸ ಸಿಗದ ಬೇಸಿಗೆ ಇವು ಬಾಟಲಿಯೊಳಗೆ ಇರುವುದಿಲ್ಲ. 2009ರಲ್ಲಿ ವಿಜ್ಞಾನಿಗಳು ನೊಣದ ‘ಹ್ಯಾಪಿಅವರ್’ ಎಂಬ ಜೀನಿನ ಅಧ್ಯಯನದಿಂದ ಹೊರಟು, ಕ್ಯಾನ್ಸರ್‌ಗೆ ಬಳಸುವ ಎರ್ಲೋಟಿನಿಬ್ ಔಷಧ ಇಲಿಗಳ ಮದ್ಯಸೇವನೆಯನ್ನು ಇಳಿಸುತ್ತದೆಂದು ಕಂಡುಕೊಂಡರು. ಅದನ್ನು ಅಣ್ಣನಿಗೆ ಕೊಡುವ ಔಷಧವೆಂದು ಯಾರೂ ತಿಳಿಯಬಾರದು.

ಅಣ್ಣನ ವಿಷಯದಲ್ಲಿ ಇಷ್ಟು ಮಾಡಿ. ದಿನವೂ ಹೆಚ್ಚು ಕುಡಿಯುವವರು ಮನೆಯವರ ಒತ್ತಾಯಕ್ಕೆ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಬಿಡಿಸುವ ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿಸಿ, ಅಥವಾ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಿ. ಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಗಳಿವೆ, ವೈದ್ಯರು ನೋಡಿ ಕೊಡುತ್ತಾರೆ. ಬಿಟ್ಟ ಮೇಲೆ, ಅವನು ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ಆ ಅಂಗಡಿ ಇದೆಯೇ ಎಂದು ಕೇಳಿ. ಇದ್ದರೆ, ಮೊದಲ ಕೆಲವು ತಿಂಗಳು ಸಂಜೆ ಅವನ ಜೊತೆ ನೀವೂ ಬೇರೆ ದಾರಿಯಲ್ಲಿ ನಡೆದು ಬನ್ನಿ.