ನಮ್ಮ ಕೆರೆ ಯಾಕೆ ಉಬ್ಬುವುದಿಲ್ಲ?

ಹುತ್ತರಿ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ದು ಮನೆಗೆ ಬರುವಾಗ ತಮ್ಮನ ಮಗ ಕೇಳಿದ: "ದೊಡ್ಡಪ್ಪಾ, ಚಂದ್ರ ಸಮುದ್ರವನ್ನೇ ಎಳೀತಾನಂತೆ. ಮತ್ತೆ ನಮ್ಮ ಕೆರೆ ಯಾಕೆ ಉಬ್ಬಿಲ್ಲ?"

ಎಂಥ ಪ್ರಶ್ನೆ! "ಮೈಯಲ್ಲೂ ನೀರೇ ಇರೋದು, ಅದಕ್ಕೇ ಹುಣ್ಣಿಮೆ ಅಮಾವಾಸ್ಯೆಗೆ ತಲೆ ಕೆಡುತ್ತೆ" ಎನ್ನುವ ದೊಡ್ಡವರು ಇದನ್ನು ಒಮ್ಮೆ ಯೋಚಿಸಿದ್ದರೆ, ಎಷ್ಟೋ ರೋಗಿಗಳು ಮಂತ್ರವಾದಿಯ ಬದಲು ಡಾಕ್ಟರ ಹತ್ತಿರ ಹೋಗುತ್ತಿದ್ದರು.

ನೀರನ್ನು ಉಬ್ಬಿಸುವುದು ಒಂದು ಬದಿಗೂ ಇನ್ನೊಂದು ಬದಿಗೂ ಚಂದ್ರನ ಎಳೆತದಲ್ಲಿರುವ ವ್ಯತ್ಯಾಸ. ಅಂಗಳದ ಎರಡು ಮೂಲೆಯಲ್ಲಿ ಮಳೆ ಅಳೆಯಿರಿ, ಇಂಚು ಒಂದೇ. ಭಾಗಮಂಡಲದಲ್ಲೂ ಕುಶಾಲನಗರದಲ್ಲೂ ಅಳೆಯಿರಿ, ಆಗ ವ್ಯತ್ಯಾಸ ಗೊತ್ತಾಗುತ್ತದೆ. ಕೆರೆಯೂ ಮನುಷ್ಯನ ಮೈಯೂ ಅಂಗಳದ ಹಾಗೆ, ತೀರಾ ಚಿಕ್ಕವು. ಭೂಮಿಯ ಅಗಲವಾದರೋ ಸುಮಾರು 12,700 ಕಿಲೋಮೀಟರ್. ಚಂದ್ರನ ಕಡೆಯ ಮುಖಕ್ಕೆ ಬೀಳುವ ಎಳೆತ ಆಚೆ ಮುಖಕ್ಕಿಂತ ಶೇಕಡಾ 7ರಷ್ಟು ಜಾಸ್ತಿ.

ಆಚೆ ಬದಿಯ ನೀರೂ ಉಬ್ಬುತ್ತದಲ್ಲ, ಅದು ಹೇಗೆ? ಮೂವರು ತಡಿಯಂಡಮೋಳ್ ಹತ್ತುತ್ತಿದ್ದೀರಿ ಅಂದುಕೊಳ್ಳಿ. ಚುರುಕಿನವನು ಮುಂದೆ, ನೀವು ನಡುವೆ, ಏದುಸಿರು ಬಿಡುವವನು ಹಿಂದೆ. ಮೂವರೂ ನಡೆಯುತ್ತಿರುವುದು ಬೆಟ್ಟದ ಕಡೆಗೇ. ಆದರೂ ನಿಮ್ಮಿಂದ ಒಬ್ಬ ಮುಂದಕ್ಕೆ ದೂರವಾಗುತ್ತಾನೆ, ಇನ್ನೊಬ್ಬ ಹಿಂದಕ್ಕೆ ಉಳಿಯುತ್ತಾನೆ. ಬೆಟ್ಟವೇ ಚಂದ್ರ, ನಡುವಿನ ನೀವು ಭೂಮಿ, ಅವರಿಬ್ಬರು ಎರಡು ಬದಿಯ ನೀರು. ರಬ್ಬರ್ ಬಳೆ ಎಳೆದಾಗ ಎರಡೂ ತುದಿ ಚಾಚುತ್ತದಲ್ಲ, ಹಾಗೇ. ಈ ಎರಡು ಉಬ್ಬಿನ ಅಡಿಯಲ್ಲಿ ಭೂಮಿ ತಿರುಗುತ್ತಲೇ ಇರುತ್ತದೆ. ಹಾಗಾಗಿ ಹೆಚ್ಚಿನ ಕರಾವಳಿಗಳಲ್ಲಿ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಉಬ್ಬರ.

ಉತ್ತರ ಐರ್ಲೆಂಡಿನ ನೆಂಡ್ರಮ್ ಮಠದಲ್ಲಿ ಕ್ರಿ.ಶ. 619ರಲ್ಲೇ ಉಬ್ಬರದ ನೀರನ್ನು ಕಟ್ಟಿಟ್ಟು, ಇಳಿತದ ಹೊತ್ತಿಗೆ ಬಿಟ್ಟು, ಕಾಳು ಬೀಸುತ್ತಿದ್ದರು. ಫ್ರಾನ್ಸಿನ ರಾನ್ಸ್ ನದಿಯ ಅಳಿವೆಯಲ್ಲಿ 1966ರಿಂದ ಅದೇ ಉಪಾಯದಲ್ಲಿ ಕರೆಂಟ್ ಬರುತ್ತಿದೆ: 24 ಟರ್ಬೈನ್, 240 ಮೆಗಾವಾಟ್. 2011ರಲ್ಲಿ ದಕ್ಷಿಣ ಕೊರಿಯಾದ ಸಿಹ್ವಾ 254 ಮೆಗಾವಾಟಿನೊಂದಿಗೆ ಅದನ್ನು ಮೀರಿಸಿತು. ಮುಂದಿನ ವರ್ಷ ಯಾವ ದಿನ, ಎಷ್ಟು ಗಂಟೆಗೆ ಉಬ್ಬರ ಎಂದು ಇವತ್ತೇ ಲೆಕ್ಕ ಹಾಕಬಹುದು. ಹಾರಂಗಿ ತುಂಬುತ್ತಾ ಇಲ್ವಾ ಎಂದು ಜೂನ್ ತಿಂಗಳಿಡೀ ಮುಗಿಲು ನೋಡುವ ನಮಗೆ ಇದೆಂಥ ನೆಮ್ಮದಿಯ ಮಾತು, ಅಲ್ವಾ?

ಈ ಕರೆಂಟಿನ ಬಂಡವಾಳ ಭೂಮಿಯ ತಿರುಗಾಟವೇ. ಉಬ್ಬಿದ ನೀರು ಬ್ರೇಕಿನ ಹಾಗೆ ಭೂಮಿಯನ್ನು ಉಜ್ಜುತ್ತದೆ. ದಿನ ಚೂರುಚೂರೇ ಉದ್ದವಾಗುತ್ತದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಾನೆ. ಸುಮಾರು 40 ಕೋಟಿ ವರ್ಷ ಹಳೆಯ ಹವಳದ ಪಳೆಯುಳಿಕೆಗಳಲ್ಲಿ ದಿನದಿನದ ಗೆರೆ ಎಣಿಸಿದರೆ, ಆಗ ವರ್ಷಕ್ಕೆ 400ರಷ್ಟು ದಿನ!

ನಮ್ಮ ಬರಪೊಳೆಯ ನೀರು ವಳಪಟ್ಟಣಂ ಹೊಳೆಯಾಗಿ ಕಣ್ಣೂರಿನ ಹತ್ತಿರ ಸಮುದ್ರ ಸೇರುತ್ತದೆ. ಅಲ್ಲೇ ಅಡ್ಡ ಕಟ್ಟಬಾರದೇ? ಉಬ್ಬರದ ಎತ್ತರ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ರಾನ್ಸಿನಲ್ಲಿ ಸರಾಸರಿ 8 ಮೀಟರ್ ಏರಿಳಿತ. ಕಣ್ಣೂರಿನಲ್ಲಿ 2 ಮೀಟರೂ ಇಲ್ಲ. ಅಷ್ಟೇ ದೊಡ್ಡ ಕಟ್ಟೆ ಕಟ್ಟಿದರೂ ಹದಿನಾರರಲ್ಲಿ ಒಂದು ಪಾಲು ಕೂಡ ಸಿಗದು. ಗುಜರಾತಿನ ಖಂಭಾತ್ ಕೊಲ್ಲಿ ಆಲಿಕೆಯ ಹಾಗೆ ಕಿರಿದಾಗುತ್ತಾ ಹೋಗುವುದರಿಂದ ಅಲ್ಲಿ ಏರಿಳಿತ 10 ಮೀಟರಿನವರೆಗೂ ಹೋಗುತ್ತದೆ. ನಮ್ಮ ದೇಶದಲ್ಲಿ ಮೊದಲು ನೋಡಬೇಕಾದ್ದು ಅಲ್ಲೇ.

ರಜೆಯಲ್ಲಿ ಹುಡುಗನನ್ನು ವಳಪಟ್ಟಣಂ ಅಳಿವೆಗೆ ಕರೆದುಕೊಂಡು ಹೋಗುತ್ತೇನೆ. ಗುರುತು ಹಾಕಿದ ಒಂದು ಬಿದಿರು ಗಳ ನೆಟ್ಟು, ಇಳಿತದಿಂದ ಉಬ್ಬರದವರೆಗೆ ಆರು ಗಂಟೆ ಕಾಯುತ್ತೇವೆ. ಬುತ್ತಿಗೆ ಕಡುಬು ಬೇಕಂತೆ.