ಸೇವಾನಿರತ ತರಬೇತಿ ಎಂದರೇನು?

ನೌಕರಿಗೆ ಸೇರಿದ ಮೇಲೆ, ಸಂಬಳ ಪಡೆಯುತ್ತಲೇ ಕಲಿಯುವುದಕ್ಕೆ ಸೇವಾನಿರತ ತರಬೇತಿ ಎನ್ನುತ್ತಾರೆ. ಈಗ ಕೂತಿರುವ ಸೀಟಿನ ಕೆಲಸಕ್ಕೆ ಬೇಕಾದ ಕಲಿಕೆ ಒಂದು. ಮುಂದಿನ ಹುದ್ದೆಗೆ ಸಜ್ಜುಗೊಳಿಸುವ ಕಲಿಕೆ ಇನ್ನೊಂದು. ಹೊಸ ಸಾಫ್ಟ್‌ವೇರ್ ಬಂದಾಗ ಎರಡು ದಿನ ಕೂರಿಸಿ ಹೇಳಿಕೊಡುವುದು ಮೊದಲ ಬಗೆ. ಬಡ್ತಿಗೆ ನೆರವಾಗುವುದು ಹೆಚ್ಚಾಗಿ ಎರಡನೆಯದು.

ಬ್ಯಾಂಕ್ ನೌಕರರನ್ನೇ ನೋಡಿ. 1928ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕರ್ಸ್ ಎಂಬ ಹೆಸರಿನಲ್ಲಿ ಶುರುವಾದ ಮುಂಬೈಯ ಸಂಸ್ಥೆ ಇವರಿಗಾಗಿ ಜೆಎಐಐಬಿ, ಸಿಎಐಐಬಿ ಎಂಬ ಪರೀಕ್ಷೆಗಳನ್ನು ನಡೆಸುತ್ತದೆ. ಮೊದಲನೆಯದರಲ್ಲಿ ನಾಲ್ಕು ಪೇಪರು, ಎರಡನೆಯದರಲ್ಲಿ ಐದು. ಸರ್ಕಾರಿ ಬ್ಯಾಂಕಿನ ಗುಮಾಸ್ತರು ಇವನ್ನು ಪಾಸು ಮಾಡಿದರೆ ಹೆಚ್ಚುವರಿ ಇನ್‌ಕ್ರಿಮೆಂಟ್ ಸಿಗುತ್ತದೆ. ಅದು ಮೂಲವೇತನಕ್ಕೆ ಸೇರುವುದರಿಂದ ತುಟ್ಟಿಭತ್ಯೆಯೂ ಅದರ ಮೇಲೆ ಲೆಕ್ಕವಾಗುತ್ತದೆ; ಬೇಗ ಪಾಸಾದಷ್ಟೂ ಹೆಚ್ಚು ವರ್ಷ ಕೈಗೆ ಬರುತ್ತದೆ. ಸಂಜೆ ಕ್ಯಾಶ್ ಟ್ಯಾಲಿ ಮಾಡಿ ಮನೆಗೆ ಹೋಗಿ, ಮಕ್ಕಳ ಹೋಂವರ್ಕಿನ ಪಕ್ಕದಲ್ಲೇ ಪುಸ್ತಕ ಬಿಚ್ಚುವವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ಆದರೆ ಪರೀಕ್ಷೆ ಪಾಸಾದ ಮಾತ್ರಕ್ಕೆ ಸಾಲದ ಫೈಲು ಓದಲು ಬರುವುದಿಲ್ಲ. ವರ್ಷಗಟ್ಟಲೆ ಕ್ಯಾಶ್ ಕೌಂಟರಿನಲ್ಲೇ ಇದ್ದವರು ಬಡ್ತಿ ಪಡೆದು ಹಳ್ಳಿಯ ಶಾಖೆಗೆ ಅಧಿಕಾರಿಯಾಗಿ ಹೋದರೆ, ಮೊದಲ ವಾರವೇ ಕಿಸಾನ್ ಕ್ರೆಡಿಟ್ ಕಾರ್ಡಿನ ಅರ್ಜಿ ಎದುರಿಗೆ ಬರುತ್ತದೆ. ಪಹಣಿಯಲ್ಲಿ ಯಾರ ಹೆಸರಿದೆ, ಜಮೀನು ಜಂಟಿ ಖಾತೆಯಲ್ಲಿದೆಯೇ, ಅದರ ಮೇಲೆ ಹಳೆಯ ಸಾಲದ ಬೋಜಾ (ಸಾಲದ ಹೊರೆಯ ನಮೂದು) ಕೂತಿದೆಯೇ, ಯಾವ ಬೆಳೆಗೆ ಎಕರೆಗೆ ಎಷ್ಟು ಕೊಡಬಹುದು ಎಂಬುದನ್ನೆಲ್ಲ ಅನುಭವಿಗಳ ಪಕ್ಕದಲ್ಲಿ ಕೂತು ಹತ್ತಾರು ಫೈಲು ತಿರುವಿಯೇ ಕಲಿಯಬೇಕು. ಹಾಗಾಗಿ ಆಗಾಗ ಟೇಬಲ್ ಬದಲಿಸುವುದೂ ತರಬೇತಿಯೇ, ನನ್ನ ಲೆಕ್ಕದಲ್ಲಿ ಅತಿ ಮುಖ್ಯವಾದ ತರಬೇತಿ.

ಇದಕ್ಕೆ ಅಡ್ಡ ಬರುವುದು ವಿಚಿತ್ರವೆಂದರೆ ನೌಕರರ ಜಾಣತನವೇ. ಕ್ಯಾಶ್ ಚೆನ್ನಾಗಿ ನೋಡಿಕೊಳ್ಳುವವರನ್ನು ಯಾವ ಮ್ಯಾನೇಜರೂ ಅಲ್ಲಿಂದ ಎಬ್ಬಿಸಲು ಒಪ್ಪುವುದಿಲ್ಲ. ಆನ್‌ಲೈನ್ ಕೋರ್ಸುಗಳಂತೂ ವರ್ಷಾಂತ್ಯದ ಗಡಿಬಿಡಿಯಲ್ಲಿ 'ಮುಂದೆ' ಬಟನ್ ಒತ್ತುತ್ತಾ ಮುಗಿದುಹೋಗುತ್ತವೆ. ಬಡ್ತಿಯ ಆಸೆಯಿದ್ದವರು ವಾರ್ಷಿಕ ಮೌಲ್ಯಮಾಪನದ ಹೊತ್ತಿಗೆ ಕೋರ್ಸಿನ ಜೊತೆಗೆ ಸಾಲ ವಿಭಾಗದ ಟೇಬಲನ್ನೂ ಬಾಯಿಬಿಟ್ಟು ಕೇಳುವುದು ಒಳ್ಳೆಯದು.